ಬಾರದಾನದ ಪುಡಿ, ಅವ್ವನ ಕೊರಳು

2003ರ ಫೆಬ್ರುವರಿ 11, ಮಂಗಳವಾರ. ಆಧಾರ: ಸೇಡಂ ರಸ್ತೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಅವ್ವನ ಹೆಸರಿನಲ್ಲಿ ತೆರೆದ ಕೇಸ್ ಪೇಪರ್, ಮೊದಲ ಪುಟ. ತಾರೀಖಿಗೂ ವಾರಕ್ಕೂ ಹೊಂದಾಣಿಕೆ ಇದೆಯೇ ಎಂದು ಆ ವರ್ಷದ ಗೋಡೆ ಕ್ಯಾಲೆಂಡರಿನಲ್ಲಿ ತಾಳೆ ನೋಡಿದ್ದೇನೆ, ಇದೆ. ಆ ಪುಟದಲ್ಲಿ ವೈದ್ಯರು ಇಂಗ್ಲಿಷಿನಲ್ಲಿ ತುಂಬಿದ ನಾಲ್ಕು ಸಾಲುಗಳನ್ನು ಕನ್ನಡದಲ್ಲಿ ಹೀಗೆ ಓದಬಹುದು. ತೊಂದರೆ: ಕೊರಳಿನ ಮುಂಭಾಗದಲ್ಲಿ ಗಡ್ಡೆ, ನುಂಗುವಾಗ ಬಿಗಿತ. ಉದ್ಯೋಗ: ಗೃಹಿಣಿ. ರಾಸಾಯನಿಕಗಳ ಸಂಪರ್ಕ: ಇಲ್ಲ. ವಂಶದಲ್ಲಿ ಕಾಯಿಲೆ: ಇದೆ, ಮಗಳಿಗೆ ಥೈರಾಯ್ಡ್.

ಆ ಮಗಳು ನಾನು. ಮೇಲಿನ ನಾಲ್ಕು ಸಾಲುಗಳಲ್ಲಿ ನಡುವಿನ ಎರಡು ಸುಳ್ಳು. ಅವನ್ನು ತಿದ್ದಿಸಲು ಆ ವರ್ಷ ನಾನು ಹೂಡಿದ ಜಗಳದ ವೃತ್ತಾಂತವನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಕೆಲಸ ಶಾಸನಗಳದು. ಸ್ವಯಂ ನಿವೃತ್ತಿ ಪಡೆಯುವವರೆಗೂ ಕಲ್ಲಿನ ಮೇಲಿನ ತಿಥಿ, ವಾರ, ಸಂವತ್ಸರಗಳು ಒಂದಕ್ಕೊಂದು ಕೂಡುತ್ತವೆಯೇ ಎಂದು ನೋಡುವುದರಲ್ಲೇ ಆಯುಷ್ಯ ಕಳೆದೆ. ಕೂಡದ ತಿಥಿಯನ್ನು ಕಂಡರೆ ಅದನ್ನು ಮುಚ್ಚಿಡಬಾರದು, ಅಡಿಟಿಪ್ಪಣಿಯಲ್ಲಿ ಹೇಳಬೇಕು ಎಂಬುದು ನಾನು ಕಲಿತ ಮೊದಲ ಪಾಠ. ಆದರೆ ಸುಳ್ಳು ದಾಖಲೆಯನ್ನು ಸುಮ್ಮನೆ ಒಪ್ಪಿಕೊಳ್ಳಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ.

1998ರಲ್ಲಿ ನನಗೆ ಥೈರಾಯ್ಡ್ ಕಡಿಮೆಯಾಗಿದೆ ಎಂದು ರಕ್ತಪರೀಕ್ಷೆ ಹೇಳಿತು. ಆಗ ನನಗೆ ಇಪ್ಪತ್ತಾರು. ಎರಡು ವರ್ಷದಿಂದ ಮೈ ಭಾರವಾಗಿತ್ತು, ದನಿ ಒಡೆದಿತ್ತು, ಬೇಸಿಗೆಯ ಕಲಬುರಗಿಯಲ್ಲಿ ಚಳಿಯಾಗುತ್ತಿತ್ತು. ಏಪ್ರಿಲ್ ತಿಂಗಳಲ್ಲಿ ಶಾಲು ಹೊದ್ದು ಗ್ರಂಥಾಲಯಕ್ಕೆ ಹೋಗುತ್ತಿದ್ದ ನನ್ನನ್ನು ಸಹೋದ್ಯೋಗಿಗಳು ನೋಡಿ ನಗುತ್ತಿದ್ದರು. ಅಂದಿನಿಂದ ಪ್ರತಿದಿನ ಬೆಳಗ್ಗೆ ಬರಿಹೊಟ್ಟೆಯಲ್ಲಿ ಒಂದು ಸಣ್ಣ ಮಾತ್ರೆ. ಅದಾದ ಅರ್ಧ ತಾಸಿನವರೆಗೆ ಚಹಾ ಇಲ್ಲ. ಮನೆಯಲ್ಲಿದ್ದಾಗಲೆಲ್ಲ ಆ ಮಾತ್ರೆಗೆ ನೀರು ತಂದುಕೊಡುತ್ತಿದ್ದವಳು ಅವ್ವ. ನನ್ನದನ್ನು ನನ್ನ ದುರದೃಷ್ಟವೆಂದು ಒಪ್ಪಿಕೊಂಡಿದ್ದೆ. ಐದು ವರ್ಷದ ನಂತರ ಅವ್ವನ ಕೊರಳು ಉಬ್ಬಿದಾಗ ಮಾತ್ರ ಯೋಚನೆ ಬೇರೆಯಾಯಿತು.

ಗಡ್ಡೆ ಶ್ವಾಸನಾಳವನ್ನು ಒತ್ತುತ್ತಿದೆ, ಆರೇಳು ವಾರದೊಳಗೆ ಶಸ್ತ್ರಚಿಕಿತ್ಸೆಯಾಗಬೇಕು ಎಂದ ವೈದ್ಯರು ನನ್ನ ಮಾತ್ರೆಯ ವಿಷಯ ಕೇಳಿ ತಿಳಿದು, ಅವ್ವನೆದುರಿಗೇ ಹೇಳಿದರು: "ಹೌದಲ್ಲ ಮತ್ತ. ತಾಯಿದು ಮಗಳಿಗೆ ಬಂದದ. ಇದು ವಂಶದಾಗ ಹರಿಯೋದು."

ಮರುದಿನ ಬೆಳಗ್ಗೆ ಅವ್ವ ನೀರಿನ ಲೋಟವನ್ನು ನನ್ನ ಕೈಗೆ ಕೊಡಲಿಲ್ಲ. ಕಿಟಕಿಯ ಮೇಲಿಟ್ಟು ಹೊರಟುಹೋದಳು. ಏಕೆಂದು ಕೇಳಿದೆ.

"ರೋಗ ಕೊಟ್ಟಾಕಿ ನಾ. ಯಾವ ಮುಖ ಇಟ್ಕೊಂಡು ಗುಳಿಗಿಗೆ ನೀರು ಕೊಡ್ಲಿ?"

ಅವಳು ಅತ್ತು ಹೇಳಿದ ಮಾತಲ್ಲ ಅದು. ರೊಟ್ಟಿ ತಟ್ಟುತ್ತ, ಹಿಟ್ಟಿಗೆ ನೀರು ಹೆಚ್ಚಾಯಿತು ಎನ್ನುವ ದನಿಯಲ್ಲಿ ಹೇಳಿದಳು. ಈ ಮಾತನ್ನು ಎದೆಯಲ್ಲಿಟ್ಟುಕೊಂಡು ಅವಳು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮಲಗಬಾರದು ಎಂದು ಅಂದೇ ನಿಶ್ಚಯಿಸಿದೆ. ನನಗಿದ್ದದ್ದು ಆರು ವಾರ.

ವಂಶದ ಮಾತನ್ನು ನಾನು ಸುಲಭವಾಗಿ ನಂಬದಿರಲು ಕಾರಣವಿತ್ತು. ನನ್ನ ಬಾಲ್ಯ ಕಳೆದದ್ದು ಮೋಮಿನಪುರದ ಅಂಚಿನ ಒಂದು ಓಣಿಯಲ್ಲಿ, ಎರಡು ಸಂಸಾರಗಳಿಗೆ ಒಂದೇ ಅಂಗಳವಿದ್ದ ಮನೆಯಲ್ಲಿ. ಒಂದು ಖೋಲಿ ನಮ್ಮದು, ಎದುರಿನದು ಖಾಲಾನದು. ಖಾಲಾ ಎಂದರೆ ಉರ್ದುವಿನಲ್ಲಿ ತಾಯಿಯ ಅಕ್ಕತಂಗಿ; ಆದರೆ ಅವಳು ನಮಗೆ ಸಂಬಂಧಿಯಲ್ಲ. ಗಂಡನನ್ನು ಬೇಗ ಕಳೆದುಕೊಂಡ ನೆರೆಯವಳು, ಅವ್ವನಿಗಿಂತ ಏಳೆಂಟು ವರ್ಷ ಹಿರಿಯಳು. ಅಪ್ಪ ಕಾಳಿನ ಪೇಟೆಯಾದ ನೆಹರು ಗಂಜಿನಲ್ಲಿ ಮೂಟೆ ಹೊರುವ ಹಮಾಲ. ದಲ್ಲಾಳಿ ವ್ಯಾಪಾರದ ತೊಗರಿಯ ಅಡತಿ ಅಂಗಡಿಯೊಂದರಿಂದ ಹರಿದ ಗೋಣಿಚೀಲಗಳ ಕಟ್ಟುಗಳನ್ನು ಕೈಗಾಡಿಯಲ್ಲಿ ತಂದು ಅಂಗಳದಲ್ಲಿ ಕೆಡವುತ್ತಿದ್ದ. ಗಂಜಿನಲ್ಲಿ ಅವಕ್ಕೆ ಬಾರದಾನ ಎನ್ನುತ್ತಾರೆ. ಅವ್ವ ಮತ್ತು ಖಾಲಾ ಇಬ್ಬರೂ ಎದುರು ಬದುರು ಕುಳಿತು ದಬ್ಬಣ, ಸುತಳಿ ಹಿಡಿದು ಅವಕ್ಕೆ ತೇಪೆ ಹಾಕುತ್ತಿದ್ದರು.

ತೇಪೆಗೆ ಮೊದಲು ಚೀಲವನ್ನು ಒಳಹೊರಗು ಮಾಡಿ ಜಾಡಿಸಬೇಕು. ತಳದ ಎರಡು ಮೂಲೆಗಳಲ್ಲಿ ಹೊಲಿಗೆ ದಪ್ಪ. ದೊಡ್ಡವರ ಕೈ ಅಲ್ಲಿಯವರೆಗೆ ಹೋದರೂ ಮೂಲೆ ಹೊರಳುವುದಿಲ್ಲ. ಅದಕ್ಕೆ ಆ ಓಣಿಯ ಉಪಾಯವೆಂದರೆ ಮಕ್ಕಳನ್ನು ಚೀಲದೊಳಗೆ ಇಳಿಸುವುದು. ನಾನು ಒಳಗೆ ತೆವಳಿ ಹೋಗಿ, ಬೆನ್ನು ನೆಲಕ್ಕೆ ಕೊಟ್ಟು, ಹಿಮ್ಮಡಿಯಿಂದ ಮೂಲೆಯನ್ನು ಒದೆಯುತ್ತಿದ್ದೆ. ಹೊರಗಿನಿಂದ ಅವ್ವ ಕೋಲಿನಿಂದ ಬಡಿಯುತ್ತಿದ್ದಳು. ಮೂಲೆಯಲ್ಲಿ ಗಟ್ಟಿಯಾಗಿ ಕೂತಿದ್ದ ಬೂದುಬಿಳಿಯ ಪುಡಿ ಮುಖದ ಮೇಲೆ ಉದುರುತ್ತಿತ್ತು. ಬಹಳ ದಿನ ಮುಚ್ಚಿಟ್ಟ ಒದ್ದೆ ಖೋಲಿಯ ಬಾಗಿಲು ತೆರೆದಾಗ ಬರುವಂಥ ಮುಗ್ಗಲು ವಾಸನೆ ಅದಕ್ಕೆ. ನಾನು ಒಳಗಿರುವಾಗಲೇ ಖಾಲಾ ಚೀಲದ ಬಾಯಿಯನ್ನು ಮುಷ್ಟಿಯಲ್ಲಿ ಹಿಡಿದು ಗಂಜಿನ ಹರಾಜಿನಂತೆ ಸವಾಲು ಕೂಗುತ್ತಿದ್ದಳು.

"ಒಂದು ಚೀಲ ಹುಡುಗಿ, ಹೊಸಾ ಮಾಲು, ಹುಳ ಇಲ್ಲ, ಹೊಟ್ಟು ಇಲ್ಲ! ಕೌನ್ ಲೇತಾ ಬೋಲೋ!"

"ಯಾರೂ ಒಯ್ಯಂಗಿಲ್ಲ, ಬರೀ ಬಾಯಿ ಅದ ಆ ಚೀಲದಾಗ," ಎಂದು ಅವ್ವ ಹೇಳುತ್ತಿದ್ದಳು. ಒಳಗೆ ನಾನು ಕೆಮ್ಮುತ್ತ ನಗುತ್ತಿದ್ದೆ. ಕೊನೆಗೆ ಅವ್ವ ನನ್ನ ಕಾಲು ಹಿಡಿದು ಹೊರಗೆಳೆಯುತ್ತಿದ್ದಳು.

ಉದುರಿದ ಪುಡಿಯನ್ನು ನಾವು ಚೆಲ್ಲುತ್ತಿರಲಿಲ್ಲ. ಗುಡಿಸಿ, ಸೋಸಿ, ಮುಚ್ಚಳವಿದ್ದ ಡಬ್ಬಿಯಲ್ಲಿ ತುಂಬುತ್ತಿದ್ದೆವು. ಅದರಿಂದ ಹುಳ ಸಾಯುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಹುಳವನ್ನು ಮಾತ್ರ ಕೊಲ್ಲುತ್ತದೆ ಎಂಬುದು ನಮ್ಮ ನಂಬಿಕೆಯಾಗಿತ್ತು. ಹೊರಸಿನ ತಗಣಿಗೆ ಅದೇ, ಇರುವೆಗೆ ಅದೇ. ಶನಿವಾರ ಸಂಜೆ ನನ್ನ ಕೂದಲಿಗೆ ಹೇನಿಗೆಂದು ಸವರಿ ಬಟ್ಟೆ ಕಟ್ಟಿ ಮಲಗಿಸುವುದಕ್ಕೂ ಅದೇ. ಕಮಲಾಪುರದಲ್ಲಿ ಅವ್ವನ ತಮ್ಮ, ನನ್ನ ಮಾವ, ಒಂದು ಬಾಳೆತೋಟದಲ್ಲಿ ಕೆಲಸಕ್ಕಿದ್ದ. ತೌರಿಗೆ ಹೋಗುವವರು ಸಿಹಿ ಒಯ್ಯುವುದು ರೂಢಿ; ನಾವು ಆ ಪುಡಿಯನ್ನು ಕಟ್ಟಿಕೊಂಡು ಬಸ್ಸು ಹತ್ತುತ್ತಿದ್ದೆವು. ಮಾವ ಅದನ್ನು ತನ್ನ ಬಿತ್ತನೆ ತೊಗರಿಗೆ ಬೆರೆಸಿ, ನಮಗೆ ಕೆಂಬಾಳೆಯ ಚಿಪ್ಪು ಕಟ್ಟಿಕೊಡುತ್ತಿದ್ದ. "ಪಟ್ಟಣದ ಮಂದಿ ಚಲೋ ಔಷಧ ತರ್ತಾರ" ಎಂದು ಅವನ ನೆರೆಹೊರೆಯವರೂ ಒಂದು ಹಿಡಿ ಕೇಳಿ ಒಯ್ಯುತ್ತಿದ್ದರು. ಬಡವರ ಮನೆಯಿಂದ ಉಡುಗೊರೆಯಾಗಿ ಹೋಗಬಲ್ಲ ವಸ್ತು ಒಂದಾದರೂ ಇದೆ ಎಂದು ಅವ್ವನಿಗೆ ಹೆಮ್ಮೆಯಾಗುತ್ತಿತ್ತು. ಆ ಹೆಮ್ಮೆಯನ್ನು ಇಂದು ತಪ್ಪು ಎಂದು ಕರೆಯಲು ನನಗೆ ಮನಸ್ಸಿಲ್ಲ.

ಕಾಲವನ್ನು ನಿಗದಿಪಡಿಸಬೇಕು. ನನ್ನ ನೆನಪಿನಂತೆ ಚೀಲದೊಳಗೆ ಇಳಿಯುವ ನನ್ನ ಕೆಲಸ 1980ರಲ್ಲಿ ಆರಂಭವಾಗಿ 1984ರ ಬೇಸಿಗೆಯಲ್ಲಿ ನಿಂತಿತು. ಆ ಹೊತ್ತಿಗೆ ನಾನು ಚೀಲದಲ್ಲಿ ಹಿಡಿಸದಷ್ಟು ಬೆಳೆದಿದ್ದೆ. ಅದೇ ಜೂನಿನಲ್ಲಿ ನನ್ನನ್ನು ಏಳನೆಯ ತರಗತಿಗೆ ಕಮಲಾಪುರದ ಶಾಲೆಗೆ ಸೇರಿಸಿದರು, ಒಂದೇ ವರ್ಷ ಮಾವನ ಮನೆಯಲ್ಲಿದ್ದೆ. ಈ ಕ್ರಮದ ಬಗ್ಗೆ ನನಗೆ ಸಂಶಯವಿರಲಿಲ್ಲ.

ವೈದ್ಯರ ಮುಂದೆ ಇಷ್ಟನ್ನೂ ಹೇಳಿದೆ. ಅವರು ಕೆಟ್ಟವರಲ್ಲ, ಹೊರಗೆ ಇಪ್ಪತ್ತು ರೋಗಿಗಳು ಕಾಯುತ್ತಿದ್ದರೂ ಪೆನ್ನು ಕೆಳಗಿಟ್ಟು ಕೇಳಿದರು.

"ಯಾವ ಪುಡಿ ಅದು? ಯಾವ ವರ್ಷ? ನೋಡ್ರಿ ಮೇಡಂ, ಮನ್ಯಾಗ ಕುಂತ ಹೆಣ್ಮಗಳಿಗೆ ಕಾರ್ಖಾನಿ ಕೆಮಿಕಲ್ ಎಲ್ಲಿಂದ ಬರ್ತದ ಅಂತ ನಾಳಿ ಯಾರಾದ್ರೂ ಕೇಳಿದ್ರ ನಾ ಏನು ಹೇಳ್ಲಿ?"

"ಇದೇ ಕಾರಣ ಅಂತ ಬರೀರಿ ಅಂದಿಲ್ಲ. ಸಂಪರ್ಕ ಇತ್ತು ಅಂತ ಬರೀರಿ."

"ನೀವು ಸಂಶೋಧಕರು. ದಾಖಲಿ ತರ್ರಿ, ಬರೀತೀನಿ," ಎಂದು ನಕ್ಕರು. ಅದು ನನ್ನನ್ನು ಸಾಗಹಾಕುವ ಮಾತಾಗಿತ್ತು. ನಾನು ಅದನ್ನು ಒಪ್ಪಂದವೆಂದು ತೆಗೆದುಕೊಂಡೆ.

ಅಪ್ಪ ಆಗ ಬದುಕಿರಲಿಲ್ಲ. ಆದ್ದರಿಂದ ಗಂಜಿಗೆ ನಾನೊಬ್ಬಳೇ ಹೋದೆ. ಅದೇ ಅಡತಿ ಅಂಗಡಿ, ಅದೇ ಗಾದಿ. ಮಾಲೀಕರು ತೀರಿಕೊಂಡಿದ್ದರು; ಅವರ ಕಾಲದಲ್ಲಿ ಲೆಕ್ಕ ಬರೆಯುತ್ತಿದ್ದ ಮುನೀಮರು, ಎಂಬತ್ತರ ಹತ್ತಿರದವರು, ಇನ್ನೂ ಬಂದು ಕೂರುತ್ತಿದ್ದರು. ನನ್ನ ಕೈಚೀಲ, ಕನ್ನಡಕ ನೋಡಿ ಸರ್ಕಾರದವಳೆಂದು ತಿಳಿದರೆಂದು ಕಾಣುತ್ತದೆ.

"ಬರ್ರಿ ಮೇಡಮ್ಮೋರ, ಕೂಡ್ರಿ. ಪುಡಿ? ಯಾವ ಪುಡಿರೀ? ನಮ್ಮ ಮಾಲು ಮೊದಲಿಂದಲೂ ಶುದ್ಧ ಅದರೀ."

ನಾನು ಅಪ್ಪನ ಗುರುತು ಹೇಳಿದೆ: ಎಡಭುಜದ ಮೇಲಷ್ಟೇ ಚೀಲ ಹೊರುತ್ತಿದ್ದ ಹಮಾಲ.

"ಎಡಚನ ಮಗಳೇನ ನೀ! ಎಷ್ಟು ದೊಡ್ಡಾಕಿ ಆಗೀದಿ! ಸಾಲಿ ಕಲ್ತಿ?"

ನಾನು ಹಮಾಲನ ಮಗಳಾದ ಕ್ಷಣದಲ್ಲೇ ಅವರ ಮಾತಿನಿಂದ 'ರೀ' ಉದುರಿಹೋಯಿತು. ನಾನೂ ಮುಂದೆ ಮುಜುಗರವಿಲ್ಲದೆ ಕೇಳಿದೆ.

"ಕಲ್ತೀನಿ ಕಾಕಾ. ಈಗ ಹೇಳ್ರಿ, ಚೀಲದ ಮೂಲ್ಯಾಗ ಬಿಳೀ ಪುಡಿ ಇರ್ತಿತ್ತು. ಕಾಳಿಗೆ ಹಾಕ್ತಿದ್ರೇನು?"

ಮುನೀಮರು ಕೆರಳಿದರು. ವ್ಯಾಪಾರದ ಮಾನಕ್ಕೆ ಕೈಹಾಕಿದಂತಾಗಿತ್ತು.

"ಕಾಳಿಗೆ? ಒಂದು ಚಿಟಿಕಿ ಹಾಕಿಲ್ಲ! ಹಾಕಿದ್ರ ತಿನ್ನೋರ ಗತಿ ಏನು? ಆ ಪಾಪ ಯಾರು ಕಟ್ಕೋಬೇಕು? ಕಾಳು ಸುರುವಿದ ಮ್ಯಾಲ ಖಾಲಿ ಬಾರದಾನಕ್ಕ ಬಿ.ಎಚ್.ಸಿ. ಪುಡಿ ಹೊಡಿಸ್ತಿದ್ವಿ, ಹುಳ ಅಲ್ಲೇ ಸಾಯಲಿ ಅಂತ. ಬೇಕಾದ್ರ ಬಾ, ತಾರೀಖು ಸಮೇತ ಬರದದ, ತೋರಸ್ತೀನಿ. ನಮ್ಮಂಗ ಶಿಸ್ತಿನಿಂದ ಮಾಡಿದೋರು ಈ ಗಂಜಿನಾಗ ಯಾರೂ ಇಲ್ಲ."

"ಹೊಡಿಸಿದ ಮ್ಯಾಲ ಆ ಖಾಲಿ ಚೀಲ ಎಲ್ಲಿಗೆ ಹೋಗ್ತಿದ್ವು?"

"ಹರದದ್ದು ಹೊಲಿಯಾಕ ಹೋಗ್ತಿದ್ವು. ನಿಮ್ಮಪ್ಪನೇ ಒಯ್ತಿದ್ದನಲ್ಲ."

"ಹೊಲಿಯೋರ ಗತಿ ಏನು ಕಾಕಾ?"

ಅವರು ನಿಜವಾಗಿ ನಕ್ಕರು. "ಹೊಲಿಯೋರು ಬಾರದಾನ ತಿಂತಾರೇನು, ಹುಚ್ಚಿ?"

"ತಿನ್ನಲಿಲ್ಲ. ನಾ ಅದರೊಳಗ ಇದ್ದೆ."

ನಗು ನಿಂತಿತು. ಆದರೆ ತಪ್ಪಾಯಿತೆಂದು ಒಪ್ಪಲಿಲ್ಲ. ಬರೆದುಕೊಡಿ ಎಂದಾಗ, "ಬಾಯಿಲೆ ಹೇಳೀನಲ್ಲ, ಬರವಣಿಗಿ ಯಾಕ?" ಎಂದು ಎದ್ದರು. ಆದರೂ ಶಿಸ್ತಿನ ಅಭಿಮಾನ ಅವರನ್ನು ಬಿಡಲಿಲ್ಲ. ಗೋದಾಮಿನ ಬೀಗ ತೆಗೆಸಿ ಬಾಗಿಲಿನ ಒಳಮೈ ತೋರಿಸಿದರು. ಪುಡಿ ಹೊಡೆದಾಗಲೆಲ್ಲ ಬಣ್ಣದಲ್ಲಿ ತಿಂಗಳು, ವರ್ಷ ಬರೆಯುವ ಪದ್ಧತಿ ಆ ಅಂಗಡಿಯಲ್ಲಿತ್ತು. ಒಂದರ ಮೇಲೊಂದು ಬಳಿದ ಪದರಗಳಲ್ಲಿ ಮೂರು ಸಾಲುಗಳು ಮಾತ್ರ ನಿಸ್ಸಂದೇಹವಾಗಿ ಓದಲು ಬಂದವು: ಬಿ.ಎಚ್.ಸಿ. ಜೂನ್ 82, ಅಕ್ಟೋಬರ್ 82, ಜೂನ್ 83. ಮೇಲಿನ ಸಾಲುಗಳು ಅಳಿಸಿಹೋಗಿದ್ದವು; ಊಹಿಸಿ ಓದಲು ನಾನು ಒಪ್ಪಲಿಲ್ಲ. ಬಣ್ಣದ ಬರಹಕ್ಕೆ ಕಲ್ಲಿನಂತೆ ಪಡಿಯಚ್ಚು ಬರುವುದಿಲ್ಲ. ಬಟರ್ ಪೇಪರ್ ಹಿಡಿದು ಪೆನ್ಸಿಲಿನಲ್ಲಿ ಅಕ್ಷರಗಳ ಅಂಚನ್ನು ನಕಲು ಮಾಡಿಕೊಂಡೆ. ನೂರಾರು ಶಾಸನಗಳನ್ನು ನಕಲಿಸಿದ್ದೇನೆ. ಬಾಗಿಲೊಂದನ್ನು ನಕಲಿಸಿದ್ದು ಅದೇ ಮೊದಲು.

ದಾಖಲೆ ಸಿಕ್ಕಿತೆಂದು ಸಂಭ್ರಮದಿಂದ ಮನೆಗೆ ಬಂದು ಅವ್ವನಿಗೆ ಹೇಳಿದೆ: ರಕ್ತವಲ್ಲ ಅವ್ವ, ಚೀಲದ ಪುಡಿ ಇರಬಹುದು. ವಿದ್ವತ್ತು ಎಂಥ ಮೂರ್ಖತನಕ್ಕೆ ಎಡೆ ಕೊಡುತ್ತದೆ ಎಂಬುದು ಆಗ ತಿಳಿಯಿತು. ಅವ್ವ ಕೇಳಿದಳು.

"ಹಂಗಾದ್ರ ರಕ್ತದಾಗ ಬರಲಿಲ್ಲ. ನಾನೇ ಕೈಯಾರೆ ನಿನ್ನ ಅದರಾಗ ತುರುಕಿದೆ, ಹೌದಲ್ಲ?"

ವಂಶವೆಂದರೆ ದೈವದ ಮೇಲೆ ಹಾಕಬಹುದಿತ್ತು. ಚೀಲವೆಂದರೆ ಅವಳ ಕೈಯೇ. ಹಗುರ ಮಾಡಲು ಹೋದವಳು ಇನ್ನೂ ಭಾರದ್ದನ್ನು ಹೊರಿಸಿದ್ದೆ. ಎರಡು ದಿನ ಅವಳು ನನ್ನೊಡನೆ ಮಾತಾಡಲಿಲ್ಲ. ಶಸ್ತ್ರಚಿಕಿತ್ಸೆಗೆ ಎರಡು ವಾರ ಉಳಿದಿತ್ತು.

ಬೇರೆ ದಾರಿ ಕಾಣದೆ ಖಾಲಾನ ಬಳಿಗೆ ಹೋದೆ. ನಾವು ಮನೆ ಬದಲಿಸಿ ಹತ್ತು ವರ್ಷವಾಗಿದ್ದರೂ ಅವಳು ಅದೇ ಖೋಲಿಯಲ್ಲಿದ್ದಳು. ಅವ್ವನ ಕೊರಳಿನ ವಿಷಯ ಕೇಳಿ ಅವಳು ಸೆರಗು ಸರಿಸಿದಳು. ಅವಳ ಕೊರಳಿನಲ್ಲೂ ಲಿಂಬೆಹಣ್ಣಿನಷ್ಟು ಗಡ್ಡೆ.

"ಯೇ ದೇಖ್. ಮಂದಿ ದರ್ಗಾಕ್ಕ ಹೋಗಿ ತಾವೀಜ್ ಕಟ್ಟಸ್ಕೋತಾರ, ನಂಗ ಅಲ್ಲಾ ತಾನೇ ಕಟ್ಟ್ಯಾನ."

"ಯಾರಿಗೂ ತೋರ್ಸಿಲ್ಲೇನು ಖಾಲಾ?"

"ನಕ್ಕೋ ಬೇಟಿ, ಡಾಕ್ಟರಿಗೆ ತೋರ್ಸಿದ್ರ ಬಿಚ್ಚು ಅಂತಾನ." ಆಮೇಲೆ ವಂಶದ ಮಾತು ಕೇಳಿ ತೊಡೆ ತಟ್ಟಿಕೊಂಡು ನಕ್ಕಳು. "ನಿಮ್ಮವ್ವಂದು ನಂದು ಖೂನ್ ಏಕ್ ಹೈ ಕ್ಯಾ, ಒಂದೇ ರಕ್ತ ಏನು? ಹಂಗಾದ್ರ ನಿಮ್ಮಪ್ಪನ ಆಸ್ತಿದಾಗ ನಂಗ ಹಿಸ್ಸಾ ಬರಬೇಕು. ಎಲ್ಲದ ನಿಕಾಲೋ!"

ಅಪ್ಪನ ಆಸ್ತಿಯೆಂದರೆ ಒಂದು ಕೊಕ್ಕೆ ಮತ್ತು ಒಂದು ತಲೆವಸ್ತ್ರ. ನಾವಿಬ್ಬರೂ ನಕ್ಕೆವು. ಅವಳು ಚಪ್ಪಲಿ ಮೆಟ್ಟಿ ನನ್ನೊಡನೆ ಹೊರಟಳು.

ಅವ್ವನ ಎದುರು ಕುಳಿತು ಖಾಲಾ ಸಮಾಧಾನ ಹೇಳಲಿಲ್ಲ, ಬೈದಳು.

"ಅಗೇ ಹುಚ್ಚಿ, ನಮಗ ಯಾರಾದ್ರೂ ಹೇಳಿದ್ರೇನು ಇದು ಜಹರ್ ಅಂತ? ಒಂದು ಮಾತು ಹೇಳಿದ್ರ ನೀ ಹುಡುಗಿನ್ನ ಇಳಸ್ತಿದ್ದೇನು? ನಾ ಚೀಲದ ಬಾಯಿ ಹಿಡದು ಸವಾಲ್ ಕೂಗ್ತಿದ್ದೇನು?"

"ಯಾರಿಗೂ ಗೊತ್ತಿರಲಿಲ್ಲ ಬಿಡು," ಎಂದಳು ಅವ್ವ.

ಆಗ ನಾನು ಮೊದಲ ದಿನ ಹೇಳದೆ ಬಿಟ್ಟಿದ್ದ ಮಾತನ್ನು ಹೇಳಿದೆ. ಮುನೀಮರ ಮಾತನ್ನು ಅವರ ಶಬ್ದಗಳಲ್ಲೇ ಒಪ್ಪಿಸಿದೆ: ಕಾಳಿಗೆ ಹಾಕಿದರೆ ತಿನ್ನುವವರ ಗತಿ ಏನು, ಅದಕ್ಕೇ ಖಾಲಿ ಚೀಲಕ್ಕೆ ಹೊಡೆಸುತ್ತಿದ್ದೆವು. ಅವ್ವ ಇನ್ನೊಮ್ಮೆ ಹೇಳು ಎಂದಳು. ಹೇಳಿದೆ. ಮೂರನೆಯ ಸಲ ಹೇಳಿಸಿದಳು.

"ಅಂದ್ರ ಅವರಿಗೆ ಗೊತ್ತಿತ್ತು."

"ಗೊತ್ತಿತ್ತು."

"ತಿನ್ನೋರಿಗೆ ಹೆದರಿದ್ರು. ಹೊಲಿಯೋರು ಅವರ ಲೆಕ್ಕದಾಗ ಇರಲಿಲ್ಲ." ಅವ್ವನ ದನಿ ಗಡ್ಡೆಯಿಂದ ಬಿಗಿಯಾಗಿತ್ತು, ಆದರೆ ಅಷ್ಟು ದಿನದ ಮೇಲೆ ಮೊದಲ ಸಲ ಅದರಲ್ಲಿ ಸಿಟ್ಟಿತ್ತು. "ಹಂಗಾದ್ರ ಆ ಡಾಕ್ಟರಿಗೆ ಹೇಳು, ನನ್ನ ರಕ್ತದ ಮ್ಯಾಲ ಬರದದ್ದು ಅಳಸು ಅಂತ. ನೀ ಹೇಳೋದು ಬ್ಯಾಡ. ನಾನೇ ಬರ್ತೀನಿ."

2003ರ ಮಾರ್ಚ್ 18, ಮಂಗಳವಾರ. ಆಧಾರ: ಅದೇ ಕೇಸ್ ಪೇಪರ್, ಎರಡನೆಯ ಪುಟ. ನಾವು ಮೂವರೂ ಒಟ್ಟಿಗೆ ಒಳಗೆ ಹೋದೆವು. ಒಬ್ಬ ರೋಗಿಗೆ ಒಬ್ಬರೇ ಎಂದು ಬಾಗಿಲಲ್ಲಿದ್ದವನು ತಡೆದಾಗ ಖಾಲಾ, "ನಾನೂ ರೋಗಿನೇ ಮಿಯ್ಯಾ," ಎಂದು ಕೊರಳು ತೋರಿಸಿ ದಾಟಿದಳು.

ಅವ್ವ ಕೂರಲಿಲ್ಲ.

"ಸಾಹೇಬ್ರ, ಅಲ್ಲಿ ನನ್ನ ಕೆಲಸ ಏನಂತ ಬರದೀರಿ?"

"ಗೃಹಿಣಿ ಅಂತ. ಮನ್ಯಾಗ ಇರ್ತೀನಿ ಅಂತ ನೀವೇ ಹೇಳಿದ್ರಲ್ಲವ್ವ."

"ಮನ್ಯಾಗೇ ಇದ್ದೆ. ಗಂಜ್ ನಮ್ಮನೀಗೆ ಬರ್ತಿತ್ತು. ಈ ಬಟ್ಟು ನೋಡ್ರಿ." ದಬ್ಬಣ ಒತ್ತಿ ಒತ್ತಿ ಗುಳಿ ಬಿದ್ದ ಹೆಬ್ಬೆರಳನ್ನು ಮೇಜಿನ ಮೇಲಿಟ್ಟಳು. "ಇದು ರೊಟ್ಟಿ ಬಡದು ಆದದ್ದೇನು?"

ನಾನು ಬಾಗಿಲಿನ ನಕಲನ್ನು ಬಿಚ್ಚಿ ಹಾಸಿದೆ. ಮೂರು ಸಾಲುಗಳನ್ನು ಓದಿ, ಅಳಿಸಿದವನ್ನು ಓದಲಾಗದು ಎಂದೂ ಹೇಳಿದೆ. ಮುನೀಮರ ಮಾತನ್ನು ಹೇಳಿದೆ, ಅವರು ಸಹಿ ಹಾಕಲಿಲ್ಲವೆಂಬುದನ್ನೂ ಹೇಳಿದೆ. ವೈದ್ಯರು ಖಾಲಾನ ಕೊರಳನ್ನು ಮುಟ್ಟಿ ನೋಡಿದರು, ನುಂಗಲು ಹೇಳಿದರು, ಮತ್ತೆ ಮುಟ್ಟಿದರು.

"ನೀವು ಇವರಿಗೆ ಏನಾಗಬೇಕು?"

"ಏನೂ ಆಗಬೇಕಾಗಿಲ್ಲ. ಅಂಗಳ ಒಂದು, ಬಾರದಾನ ಒಂದು. ಖೂನ್ ಬೇರೆ."

ಅವರು ಪೆನ್ನು ಕೈಗೆತ್ತಿಕೊಂಡರು. "ನೋಡ್ರಿ, ಕಾರಣ ಇದೇ ಅಂತ ನಾ ಹೇಳಂಗಿಲ್ಲ. ಇದಕ್ಕ ಕಾರಣ ಹತ್ತು ಇರ್ತಾವ. ನೀವು ಮೂರು ಮಂದಿ ಸೇರಿ ಒಂದು ಸಾಬೀತು ಆಗಂಗಿಲ್ಲ."

"ಕಾರಣ ಬರೀರಿ ಅಂತ ಅಂದಿಲ್ಲ," ಎಂದೆ. "'ಇಲ್ಲ' ಅಂತ ಬರದೀರಲ್ಲ, ಅದು ಹೆಂಗ ಸಾಬೀತಾತು?"

ಇಲ್ಲವೆಂದು ಬರೆಯಲು ಯಾರೂ ಯಾರನ್ನೂ ದಾಖಲೆ ಕೇಳುವುದಿಲ್ಲ. ಇದೆ ಎನ್ನುವವರೇ ಬಾಗಿಲುಗಳನ್ನು ಓದಿಕೊಂಡು ಬರಬೇಕು. ವೈದ್ಯರು ಬರೆದರು. ಹಳೆಯ ಸಾಲುಗಳನ್ನು ಹೊಡೆದುಹಾಕಿ ಪಕ್ಕದಲ್ಲಿ ಚಿಕ್ಕ ಸಹಿ ಮಾಡಿದರು. ಉದ್ಯೋಗ: ಗೋಣಿಚೀಲ ಹೊಲಿಗೆ, ಮನೆಯಲ್ಲಿ. ಸಂಪರ್ಕ: ಇದೆ, ಕೀಟನಾಶಕ ಪುಡಿ, ರೋಗಿಯ ಹೇಳಿಕೆಯಂತೆ. ವಂಶದ ಸಾಲಿನ ಮುಂದೆ ಒಂದು ಪ್ರಶ್ನೆಚಿಹ್ನೆ. ಖಾಲಾಗೆ ಹೊಸ ಕೇಸ್ ಪೇಪರ್ ತೆರೆದರು. ನನ್ನ 1998ರ ಕಾಗದಗಳ ಮೇಲೂ ಬರೆಯಿರಿ ಎಂದೆ. 'ಬಾಲ್ಯದಲ್ಲಿ ಸಂಪರ್ಕ, 1982–83, ಚೀಲದ ಒಳಗೆ' ಎಂದು ಬರೆದುಕೊಟ್ಟರು. ಆ ವರ್ಷಗಳನ್ನು ನಾನೇ ಹೇಳಿ ಬರೆಸಿದ್ದು, ಬಾಗಿಲಿನ ಆಧಾರದ ಮೇಲೆ.

'ರೋಗಿಯ ಹೇಳಿಕೆಯಂತೆ' ಎಂಬುದನ್ನು ಕೆಲವರು ಸೋಲೆಂದು ಎಣಿಸಬಹುದು. ನನ್ನ ವೃತ್ತಿಯಲ್ಲಿ ಅದಕ್ಕಿಂತ ಗಟ್ಟಿಯಾದ ಆಧಾರಗಳು ಕಡಿಮೆ. ದಾನ ಕೊಟ್ಟವನ ಹೇಳಿಕೆಯನ್ನು ಕಲ್ಲಿನಲ್ಲಿ ಕಂಡಾಗ ನಾವು ಅದನ್ನು ಇತಿಹಾಸವೆನ್ನುತ್ತೇವೆ. ಚೀಲ ಹೊಲಿದವಳದು ಮಾತ್ರ ಏಕೆ ಬರಿಯ ಹೇಳಿಕೆ?

ಮಾರ್ಚ್ 27, ಗುರುವಾರ, ಶಸ್ತ್ರಚಿಕಿತ್ಸೆಯಾಯಿತು. ಅದಕ್ಕೆ ಮುನ್ನ ದಾದಿಯೊಬ್ಬಳು ಇನ್ನೊಂದು ಅರ್ಜಿ ತುಂಬಲು ಬಂದು, ಉದ್ಯೋಗದ ಜಾಗದಲ್ಲಿ ತಾನೇ 'ಮನೆಗೆಲಸ' ಎಂದು ಬರೆಯತೊಡಗಿದಾಗ, ಹಸಿರು ಅಂಗಿ ತೊಟ್ಟು ಮಲಗಿದ್ದ ಅವ್ವ ಎದ್ದು ಕುಳಿತಳು. "ಏ ತಂಗಿ, ಕೇಳಿ ಬರಿ. ಬಾರದಾನ ಹೊಲಿಯಾಕಿ ನಾ. ಹೊಲದೇ ಈಕಿನ್ನ ಓದಿಸೀನಿ." ಹಾಗೆ ಹೇಳಿ ಮಲಗಿದಳು. ಗಾಡಿಯನ್ನು ಒಳಗೆ ತಳ್ಳಿಕೊಂಡು ಹೋದರು. ಗಡ್ಡೆ ಕೆಟ್ಟದ್ದಾಗಿರಲಿಲ್ಲ. ಈಗ ಬೆಳಗ್ಗೆ ನಮ್ಮ ಮನೆಯಲ್ಲಿ ಇಬ್ಬರು ಅರ್ಧ ತಾಸು ಚಹಾ ಕುಡಿಯುವುದಿಲ್ಲ. ಖಾಲಾ ಕೊನೆಯವರೆಗೂ ಕತ್ತರಿಸಿಕೊಳ್ಳಲು ಒಪ್ಪಲಿಲ್ಲ. ಅವಳು ತೀರಿಕೊಂಡದ್ದು ಬೇರೆ ಕಾರಣದಿಂದ, 2005ರಲ್ಲಿ.

ಇಲ್ಲಿಗೆ ನಿಲ್ಲಿಸಿದರೆ ನನಗೆ ಅನುಕೂಲ. ಆದರೆ 2006ರ ಜುಲೈಯಲ್ಲಿ ಈ ಟಿಪ್ಪಣಿಗಳಿಗೆ ಕಮಲಾಪುರ ಶಾಲೆಯ ವರ್ಷವನ್ನು ಖಚಿತಪಡಿಸಿಕೊಳ್ಳಲು ಅಲ್ಲಿಗೆ ಹೋದೆ. ಮುಖ್ಯೋಪಾಧ್ಯಾಯರು ಹಳೆಯ ದಾಖಲಾತಿ, ಹಾಜರಿ ಪುಸ್ತಕಗಳನ್ನು ತೆಗೆಸಿಕೊಟ್ಟರು. ದಾಖಲಾತಿಯಲ್ಲಿ ನನ್ನ ಹೆಸರು 1984ರ ಜೂನಿನಲ್ಲಿ ಇಲ್ಲ. ಇರುವುದು 1982ರ ಜೂನ್ 21, ಸೋಮವಾರ, ಐದನೆಯ ತರಗತಿಗೆ ಪ್ರವೇಶ. ಶಾಲೆ ಬಿಟ್ಟದ್ದು 1984ರ ಏಪ್ರಿಲ್ 10. ಒಂದು ವರ್ಷವಲ್ಲ, ಎರಡು. ಚೀಲದ ನಂತರವಲ್ಲ, ಬಾಗಿಲಿನ ಮೇಲಿನ ಆ ಮೂರು ಸಾಲುಗಳ ವರ್ಷಗಳಲ್ಲೇ.

ರಜೆಯಲ್ಲಿ ಊರಿಗೆ ಬಂದಾಗ ಚೀಲಕ್ಕೆ ಇಳಿದಿರಬಹುದು ಎಂದು ಹೇಳಿ ಪಾರಾಗಬಹುದಿತ್ತು. ಜೂನ್ 82ಕ್ಕೆ ಪ್ರವೇಶಕ್ಕೆ ಮುಂಚಿನ ಮೂರು ವಾರಗಳಿವೆ, ಅಕ್ಟೋಬರ್ 82ಕ್ಕೆ ದಸರೆಯ ರಜೆ ಹೊಂದುತ್ತದೆ. ಜೂನ್ 83ಕ್ಕೆ ಯಾವ ರಜೆಯೂ ಹೊಂದುವುದಿಲ್ಲ. 1982ಕ್ಕೂ ಮೊದಲಿನ ಸಾಲುಗಳು ಬಾಗಿಲಿನ ಮೇಲೆ ಇದ್ದಿರಬಹುದು. ಓದಲಾಗದ್ದನ್ನು ಓದಿದೆನೆಂದು ಹೇಳಲಾರೆ. ಅವ್ವನ ಮತ್ತು ಖಾಲಾನ ಸಾಲುಗಳಿಗೆ ಇದರಿಂದ ಯಾವ ಬಾಧಕವೂ ಇಲ್ಲ. ಆ ವರ್ಷಗಳಲ್ಲಿ ಅವರು ಆ ಅಂಗಳ ಬಿಟ್ಟು ಎಲ್ಲಿಗೂ ಹೋದವರಲ್ಲ. ಅಲುಗಾಡುವುದು ನನ್ನದೊಂದೇ.

ಅವ್ವನಿಗೆ ತಿಳಿಸಿದೆ. "ಸಾಲಿ ಮಾಸ್ತರ ಪುಸ್ತಕದಾಗ ಬರದಾನ. ಚೀಲದಿಂದ ನಿನ್ನ ಕಾಲು ಹಿಡದು ಹೊರಗ ಎಳದಾಕಿ ನಾ, ನನಗ ಗೊತ್ತಿಲ್ಲೇನು?" ಎಂದಳು.

ನನ್ನ ಕಾಗದದ ಮೇಲೆ ವೈದ್ಯರು ಬರೆದ ಸಾಲನ್ನು ನಾನು ಹಿಂತೆಗೆದುಕೊಂಡಿಲ್ಲ. ಅದರ ಹಿಂದೆ, ಅದೇ ಪಿನ್ನಿನಲ್ಲಿ, ಶಾಲೆಯ ಆ ಎರಡೂ ಪುಸ್ತಕಗಳ ಪುಟಗಳ ಜೆರಾಕ್ಸ್ ಲಗತ್ತಿಸಿದ್ದೇನೆ. ಯಾರಾದರೂ ನನ್ನನ್ನು ಸುಳ್ಳುಗಾತಿ ಎನ್ನಬೇಕೆಂದಿದ್ದರೆ ಆಧಾರವನ್ನು ನನ್ನಿಂದಲೇ ಪಡೆಯಲಿ. ಹಾಜರಿ ಪುಸ್ತಕ, ಕಮಲಾಪುರ, ಆರನೆಯ ತರಗತಿ, ಜೂನ್ 1983: ನನ್ನ ಹೆಸರಿನ ಮುಂದೆ, ಶಾಲೆ ನಡೆದ ಎಲ್ಲ ದಿನಗಳಲ್ಲಿ, ಹಾಜರು.